ಮಡಿಕೇರಿಯಲ್ಲಿ ನೀಲಿ, ಅಗಡಿಯಲ್ಲಿ ಗುಲಾಬಿ

ನಮ್ಮ ಅಗಡಿಯಲ್ಲಿ ಎದುರು ಮನೆಯ ಅಕ್ಕ ಕೆಲವು ವರ್ಷದ ಹಿಂದೆ ಮಹಿಳಾ ಸಂಘದವರ ಜೊತೆ ಮಡಿಕೇರಿಗೆ ಹೋಗಿದ್ದರು. ಬರುವಾಗ ಬಸ್ಸಿನಲ್ಲಿ ಇಡೀ ರಾತ್ರಿ ಮಡಿಲಲ್ಲಿ ಒಂದು ಕುಂಡ ಇಟ್ಟುಕೊಂಡೇ ಬಂದರು. ಮೊಣಕಾಲಿಗಿಂತ ಗಿಡ್ಡದಾದ ಗಿಡ, ಅಂಗೈ ಅಗಲದ ದಪ್ಪ ಎಲೆ, ತುದಿಯಲ್ಲಿ ಎರಡೂ ಕೈಯಲ್ಲಿ ಹಿಡಿಯುವಷ್ಟು ದೊಡ್ಡ ನೀಲಿ ಗೊಂಚಲು. ಓಣಿಯವರೆಲ್ಲ ಬಂದು ನೋಡಿ ಹೋದರು. ಹೂ ಒಣಗಿದ ಮೇಲೆ ಗಿಡವನ್ನು ದೊಡ್ಡ ಕುಂಡಕ್ಕೆ ಹಾಕಿ, ಹಿತ್ತಲದ ಎರೆಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ, ಮಾವಿನ ಮರದ ಬುಡದಲ್ಲಿಟ್ಟರು. ದಿನಾ ಬೋರಿನ ನೀರು ಹಾಕಿದರು. ಮುಂದಿನ ವರ್ಷ ಶಿವರಾತ್ರಿ ಕಳೆದ ಮೇಲೆ ಗಿಡ ಮತ್ತೆ ಅರಳಿತು. ಅಕ್ಕ ನನ್ನನ್ನು ಕರೆದರು.

"ತಮ್ಮಾ, ಇಲ್ನೋಡ. ನೀಲಿ ಹೂವಿನ ಗಿಡಾ ಅಂತ ತಂದೀನಿ, ಈಗ ಗುಲಾಬಿ ಬಿಟ್ಟೈತಿ. ಅಲ್ಲಿಯಾಂವ ಬ್ಯಾರೆ ಗಿಡಾ ಕೊಟ್ನೇನ?"

"ಮೊದಲ ಹೂವು ನೀವ ಕಣ್ಣಾರೆ ನೋಡೀರಲ್ಲಕ್ಕಾ?"

"ನೋಡೀನಿ. ನೀಲಿನ ಇತ್ತು."

"ಹಂಗಾರ ಗಿಡಾ ಅದ ಐತಿ. ಬದಲಾಗಿದ್ದು ಮಣ್ಣು."

ಅವರಿಗೆ ನಂಬಿಕೆ ಬರಲಿಲ್ಲ. ಬಾರದಿದ್ದುದು ಸಹಜ. ನಮ್ಮದು ಬಣ್ಣಕ್ಕೆ ಬೆಲೆ ಕಟ್ಟುವ ಸೀಮೆ. ಪಕ್ಕದ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ದರ ನಿಲ್ಲುವುದು ಖಾರಕ್ಕಿಂತ ಹೆಚ್ಚಾಗಿ ಅದರ ಕಡುಗೆಂಪಿನ ಮೇಲೆ. ಆ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ಬ್ಯಾಡಗಿ ಕಾಯಿಯನ್ನು ಎರೆಯಲ್ಲಿ ಬೆಳೆದರೂ ಮಸಾರಿಯಲ್ಲಿ ಬೆಳೆದರೂ ಕೆಂಪು ಕೆಂಪೇ. ಒಂದು ಗಿಡ ಊರು ಬದಲಾದ ಕೂಡಲೇ ಹೂವಿನ ಬಣ್ಣ ಬದಲಿಸುತ್ತದೆ ಎಂದರೆ ಯಾರಿಗಾದರೂ ಅನುಮಾನ ಬರಬೇಕಾದ್ದೇ. ಅಕ್ಕ ತಂದ ಹೈಡ್ರಾಂಜಿಯಾ ಮಾತ್ರ ನಿಜಕ್ಕೂ ಹಾಗೆ ಮಾಡುತ್ತದೆ. ಈಗ ಹಾವೇರಿ, ರಾಣೆಬೆನ್ನೂರಿನ ನರ್ಸರಿಗಳಲ್ಲಿ ಇದರ ಗಿಡ್ಡ ತಳಿಗಳು ಸಾಲಾಗಿ ಕಾಣತೊಡಗಿವೆ, ಜನ ಹಣ ಕೊಟ್ಟು ಒಯ್ಯುತ್ತಿದ್ದಾರೆ, ಎರಡನೇ ಬೇಸಿಗೆಗೆ ಮುಕ್ಕಾಲು ಪಾಲು ಒಣಗುತ್ತಿವೆ. ಒಣಗಲೇಬೇಕು ಎಂದೇನಿಲ್ಲ. ಅದಕ್ಕಾಗಿ ಈ ಬರಹ.

ಮೊದಲು ಬಣ್ಣದ ಮಾತು. ಹೈಡ್ರಾಂಜಿಯಾದ ಗೊಂಚಲಿನಲ್ಲಿ ನಾವು ದಳವೆಂದು ಮುಟ್ಟಿ ನೋಡುವುದು ದಳವಲ್ಲ, ಪುಷ್ಪಪತ್ರ. ದಾಸವಾಳದ ಹೂವಿನ ಕೆಳಗೆ ಹಸಿರು ಬಟ್ಟಲಿನಂತೆ ಇರುತ್ತದಲ್ಲ, ಅದೇ ಇಲ್ಲಿ ಅಗಲವಾಗಿ ಬಣ್ಣ ಹೊತ್ತು ನಿಂತಿದೆ. ನಾಲ್ಕು ಪುಷ್ಪಪತ್ರಗಳ ನಡುವೆ ಸಾಸಿವೆ ಕಾಳಿನಷ್ಟು ಸಣ್ಣ ಗುಂಡು ಕಾಣುತ್ತದೆ. ನಿಜವಾದ ಹೂವು ಅದು. ಪುಷ್ಪಪತ್ರ ಬೇಗ ಉದುರುವುದಿಲ್ಲ. ಒಂದು ಗೊಂಚಲು ವಾರಗಟ್ಟಲೆ ನಿಲ್ಲುವುದು ಅದಕ್ಕೇ. ಪುಷ್ಪಪತ್ರದ ಒಳಗಿನ ಬಣ್ಣದ ವಸ್ತು ಡೆಲ್ಫಿನಿಡಿನ್ ಜಾತಿಯದು, ನೀಲಿ ಹೂವಿನಲ್ಲೂ ಗುಲಾಬಿ ಹೂವಿನಲ್ಲೂ ಅದೇ. ಅದಕ್ಕೆ ಅಲ್ಯೂಮಿನಿಯಂ ಬಂದು ಕೂಡಿಕೊಂಡರೆ ನೀಲಿ, ಕೂಡದಿದ್ದರೆ ಗುಲಾಬಿ. ಅರೆಬರೆ ಕೂಡಿದರೆ ನೇರಳೆ.

ಅಲ್ಯೂಮಿನಿಯಂ ಎಲ್ಲಿಂದ ಬರಬೇಕು? ಎಲ್ಲ ಮಣ್ಣಿನಲ್ಲೂ ಅದು ಬೇಕಾದಷ್ಟಿದೆ. ಜೇಡಿಯ ಕಣವೇ ಅದರಿಂದ ಆದದ್ದು. ಬೇರಿಗೆ ಸಿಗಬೇಕಾದರೆ ಮಾತ್ರ ಮಣ್ಣು ಹುಳಿಯಾಗಿರಬೇಕು. ಮಣ್ಣಿನ ರಸಸಾರ (ಪಿಎಚ್) 5.5ಕ್ಕಿಂತ ಕೆಳಗಿದ್ದರೆ ಅಲ್ಯೂಮಿನಿಯಂ ಕರಗಿ ಬೇರಿಗೆ ಏರುತ್ತದೆ, 6.5 ದಾಟಿದರೆ ಗಟ್ಟಿಯಾಗಿ ಮಣ್ಣಿನಲ್ಲೇ ಉಳಿಯುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ. ಸಾವಿರಾರು ವರ್ಷದ ಆ ಮಳೆ ಮಣ್ಣಿನ ಸುಣ್ಣವನ್ನೆಲ್ಲ ತೊಳೆದು ಸಮುದ್ರಕ್ಕೆ ಒಯ್ದಿದೆ, ಉಳಿದದ್ದು ಹುಳಿಮಣ್ಣು. ನಮ್ಮಲ್ಲಿ ಅದರ ಕಾಲುಭಾಗದಷ್ಟು ಮಳೆ. ಎರೆಯೊಳಗಿನ ಸುಣ್ಣ ಎಲ್ಲಿಗೂ ಹೋಗಿಲ್ಲ. ನೇಗಿಲು ಹೊಡೆಯುವಾಗ ಹೊಲದಲ್ಲಿ ಮೇಲೆದ್ದು ಬರುವ ಬಿಳಿ ಹರಳುಗಳನ್ನು ಚಿಕ್ಕಂದಿನಲ್ಲಿ ಆರಿಸಿ ಆಡಿದ ನೆನಪು ನಮ್ಮ ಭಾಗದ ಬಹಳ ಜನರಿಗೆ ಇದ್ದೀತು. ಅದು ಸುಣ್ಣ. ನಮ್ಮ ಎರೆಯ ರಸಸಾರ ಎಂಟರ ಆಸುಪಾಸು. ಮಡಿಕೇರಿಯ ನೀಲಿ ಅಗಡಿಗೆ ಬಂದು ಗುಲಾಬಿಯಾದದ್ದು ಹೀಗೆ. ಶಾಲೆಯಲ್ಲಿ ಲಿಟ್ಮಸ್ ಕಾಗದ ನೋಡಿದವರು ಒಂದು ವಿಷಯ ನೆನಪಿಡಬೇಕು: ಅದು ಹುಳಿಗೆ ಕೆಂಪಾಗುತ್ತದೆ, ಹೈಡ್ರಾಂಜಿಯಾ ಹುಳಿಗೆ ನೀಲಿಯಾಗುತ್ತದೆ. ಬಿಳಿ ಹೂವಿನ ತಳಿಗಳಲ್ಲಿ ಈ ಬಣ್ಣದ ವಸ್ತುವೇ ಇಲ್ಲ. ಅವು ಎಲ್ಲಿದ್ದರೂ ಬಿಳಿ.

ಹೊರಗಿನವರಿಗೆ ಅಗಡಿ ಎಂದರೆ ಆನಂದವನ, ಗಳಗನಾಥರು ಸಂಪಾದಿಸಿದ 'ಸದ್ಬೋಧ ಚಂದ್ರಿಕೆ'. ಇಲ್ಲಿ ಗಿಡ ನೆಡುವವರಿಗೆ ಮೊದಲು ನೆನಪಾಗುವುದು ಮಳೆಗಾಲದಲ್ಲಿ ಚಪ್ಪಲಿಯನ್ನೇ ಎಳೆದುಕೊಳ್ಳುವ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಮಣ್ಣು. ಜೋಳಕ್ಕೆ, ಹತ್ತಿಗೆ, ಮೆಣಸಿನಕಾಯಿಗೆ ಇದು ತಾಯಿ. ಹೈಡ್ರಾಂಜಿಯಾಕ್ಕೆ ಇದು ಒಗ್ಗುವುದಿಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಅದರ ತವರು ಜಪಾನಿನ ಕಡಲತೀರ. ಅಲ್ಲಿ ಅದನ್ನು ಅಜಿಸಾಯಿ ಎನ್ನುತ್ತಾರೆ. ಜೂನಿನ ಮಳೆಯೂ ಅಜಿಸಾಯಿಯೂ ಅಲ್ಲಿಯ ಜನರ ಮನಸ್ಸಿನಲ್ಲಿ ಜೊತೆಯಾಗಿಯೇ ಬರುತ್ತವೆ. ಜರ್ಮನಿಯ ವೈದ್ಯ ಸೀಬೋಲ್ಡ್ ನಾಗಸಾಕಿಯಲ್ಲಿದ್ದಾಗ ಓ-ತಾಕಿ ಎಂಬ ಜಪಾನಿ ಹೆಣ್ಣುಮಗಳ ಜೊತೆ ಸಂಸಾರ ಮಾಡಿದ್ದ. 1829ರಲ್ಲಿ ಅವನನ್ನು ದೇಶದಿಂದ ಹೊರಹಾಕಿದರು. ಹೆಂಡತಿ, ಮಗಳು ಅಲ್ಲೇ ಉಳಿದರು. ಯುರೋಪಿಗೆ ಮರಳಿ ಜಪಾನಿನ ಗಿಡಗಳ ಪುಸ್ತಕ ಬರೆಯುವಾಗ ಅವನು ಈ ಹೂವಿಗೆ ಅವಳ ಹೆಸರನ್ನೇ ಇಟ್ಟ: ಹೈಡ್ರಾಂಜಿಯಾ ಒಟಾಕ್ಸಾ. ಅದಕ್ಕೂ ಮೊದಲೇ, 1789ರಲ್ಲಿ, ಜೋಸೆಫ್ ಬ್ಯಾಂಕ್ಸ್ ಚೀನಾದಿಂದ ಇದರ ಒಂದು ಗಿಡವನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ತರಿಸಿದ್ದ. ನಮ್ಮ ದೇಶದಲ್ಲಿ ಇದು ಚೆನ್ನಾಗಿ ಬೇರು ಬಿಟ್ಟದ್ದು ಬೆಟ್ಟದ ಊರುಗಳಲ್ಲಿ, ಊಟಿಯಲ್ಲಿ, ಕೊಡಗು-ಚಿಕ್ಕಮಗಳೂರಿನ ಕಾಫಿ ತೋಟದ ಮನೆಗಳ ಅಂಗಳದಲ್ಲಿ. ತಂಪು, ಮಂಜು, ಹುಳಿಮಣ್ಣು, ಕಾಲುಬುಡದಲ್ಲಿ ಸದಾ ತೇವ. ಇದರಲ್ಲಿ ಒಂದೂ ನಮ್ಮಲ್ಲಿ ತಾನಾಗಿ ಇಲ್ಲ.

ತಾನಾಗಿ ಇಲ್ಲದ್ದನ್ನು ಒಂದು ಕುಂಡದೊಳಗೆ ಮಾಡಿಕೊಡಬಹುದು, ಇಡೀ ಹಿತ್ತಲಕ್ಕೆ ಮಾಡಲಾಗುವುದಿಲ್ಲ. ಗಿಡ್ಡ ತಳಿಗಳು ನಮ್ಮ ಪಾಲಿಗೆ ವರವಾಗಿ ಬಂದಿರುವುದು ಈ ಕಾರಣಕ್ಕೆ. ಹಳೆಯ ತಳಿಗಳು ಐದಾರು ಅಡಿ ಎತ್ತರ, ಅಷ್ಟೇ ಅಗಲ ಬೆಳೆಯುತ್ತವೆ, ಅವನ್ನು ಕುಂಡದಲ್ಲಿ ಹಿಡಿದಿಡುವುದು ಕಷ್ಟ. 'ಪಿಯಾ'ದಂಥ ಗಿಡ್ಡ ತಳಿ ಎರಡು, ಹೆಚ್ಚೆಂದರೆ ಮೂರು ಅಡಿಗೆ ನಿಲ್ಲುತ್ತದೆ. ಅದರ ಬಣ್ಣ ಗುಲಾಬಿಯಿಂದ ಕೆಂಪಿನ ಕಡೆಗೆ. ಹನ್ನೆರಡು ಇಂಚಿನ ಮಣ್ಣಿನ ಕುಂಡ ಅದಕ್ಕೆ ಸಾಕು. ಬಿಸಿಲು ಏರಿದರೆ ಎತ್ತಿ ನೆರಳಿಗಿಡಬಹುದು.

ಹಿತ್ತಲದಲ್ಲೇ ಗುಂಡಿ ತೋಡಿ, ಗಂಧಕ ಹಾಕಿ ಮಣ್ಣನ್ನು ಹುಳಿ ಮಾಡುತ್ತೇನೆ ಎನ್ನುವವರು ಒಂದು ಲೆಕ್ಕ ನೋಡಬೇಕು. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಯಲ್ಲಿ ಸುಮಾರು ಮುನ್ನೂರು ಕಿಲೋ ಮಣ್ಣು ಹಿಡಿಯುತ್ತದೆ. ಅದರಲ್ಲಿ ನೂರಕ್ಕೆ ಐದು ಪಾಲು ಸುಣ್ಣ ಇದ್ದರೆ ಹದಿನೈದು ಕಿಲೋ ಸುಣ್ಣವಾಯಿತು. ಒಂದು ಕಿಲೋ ಸುಣ್ಣವನ್ನು ತೀರಿಸಲು 320 ಗ್ರಾಂ ಗಂಧಕ ಬೇಕು. ಅಂದರೆ ಒಂದೇ ಗಿಡಕ್ಕೆ ಐದು ಕಿಲೋದಷ್ಟು ಗಂಧಕ. ಹಾಕಿ ಮುಗಿಸಿದರೂ ಸುತ್ತಲಿನ ಎರೆಯಿಂದ ನೀರಿನೊಡನೆ ಸುಣ್ಣ ಮತ್ತೆ ಬರುತ್ತದೆ. ನಿಮ್ಮ ಮಣ್ಣಿನಲ್ಲಿ ಸುಣ್ಣ ಇದೆಯೋ ಇಲ್ಲವೋ ತಿಳಿಯಬೇಕೆಂದರೆ ಒಣಮಣ್ಣಿನ ಒಂದು ಹೆಂಟೆಯ ಮೇಲೆ ನಿಂಬೆರಸ ಹಿಂಡಿ ಕಿವಿಗೊಡಿ. ಚುರ್ ಎಂದು ನೊರೆ ಬಂದರೆ ಆ ಜಾಗದಲ್ಲಿ ಹೈಡ್ರಾಂಜಿಯಾವನ್ನು ನೆಲದಲ್ಲಿ ನೆಡುವ ಯೋಚನೆ ಬಿಡಿ. ಕರಾರುವಾಕ್ಕಾಗಿ ಬೇಕೆಂದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಮಣ್ಣಿನ ಜೊತೆಗೆ ನೀರನ್ನೂ ಪರೀಕ್ಷೆ ಮಾಡಿಸಿ.

ಮಣ್ಣಿಗಿಂತ ನೀರೇ ದೊಡ್ಡ ವಿಷಯ ಎಂದು ನನಗೆ ಗೊತ್ತಾಗಲು ಎರಡು ಗಿಡ ಹೋಗಬೇಕಾಯಿತು. ಅಕ್ಕನ ಗಿಡ ನೋಡಿದ ಮೇಲೆ ನಾನೂ ಎರಡು ತಂದೆ. ಮಣ್ಣಿನ ಬಗ್ಗೆ ಓದಿಕೊಂಡಿದ್ದೆ, ಆದ್ದರಿಂದ ಎರೆಯನ್ನು ಮುಟ್ಟಲೇ ಇಲ್ಲ. ಕೆಂಪುಮಣ್ಣು, ಎಲೆಗೊಬ್ಬರ, ತೆಂಗಿನ ನಾರಿನ ಪುಡಿ ಸೇರಿಸಿ ಚೆನ್ನಾಗಿಯೇ ತುಂಬಿದೆ. ನಾಲ್ಕು ತಿಂಗಳು ಗಿಡ ನಗುತ್ತಿತ್ತು. ಆಮೇಲೆ ಹೊಸ ಎಲೆಗಳು ಹಳದಿಯಾಗತೊಡಗಿದವು. ಎಲೆಯ ನರಗಳು ಮಾತ್ರ ಹಸಿರು, ನಡುವಿನದೆಲ್ಲ ನಿಂಬೆಹಣ್ಣಿನ ಸಿಪ್ಪೆಯಂತೆ. ಗೊಬ್ಬರ ಕಡಿಮೆಯಾಯಿತೆಂದು ಇನ್ನಷ್ಟು ಗೊಬ್ಬರ ಹಾಕಿದೆ, ಹಳದಿ ಜಾಸ್ತಿಯಾಯಿತು. ಒಂದು ದಿನ ಬಚ್ಚಲಮನೆಯಲ್ಲಿ ನೀರು ಕಾಸುವ ಹಂಡೆಯ ಒಳಗೆ ಕೈ ಹಾಕಿದಾಗ ಬೆರಳಿಗೆ ಬಿಳಿ ಪದರ ಎದ್ದು ಬಂತು. ಅದನ್ನೇ ದಿನಾ ಕುಂಡಕ್ಕೆ ಸುರಿಯುತ್ತಿದ್ದೇನೆ ಎಂದು ಹೊಳೆದದ್ದು ಆಗ.

ಇಲ್ಲೂ ಲೆಕ್ಕ ಸುಲಭ. ಕೊಳವೆಬಾವಿಯ ನೀರಿನ ಒಂದು ಲೀಟರಿನಲ್ಲಿ 300 ಮಿಲಿಗ್ರಾಂ ಸುಣ್ಣದಂಶ ಇದೆ ಎನ್ನಿ. ಗಡಸು ನೀರಿಗೆ ಅದು ಹೆಚ್ಚೇನಲ್ಲ. ದಿನಕ್ಕೆ ಒಂದು ಲೀಟರ್ ಹಾಕಿದರೆ ವರ್ಷದಲ್ಲಿ ನೂರು ಗ್ರಾಂ ಮೀರಿ ಸುಣ್ಣ ಆ ಕುಂಡದಲ್ಲಿ ಬಂದು ಕೂರುತ್ತದೆ. ನೀರು ಆವಿಯಾಗುತ್ತದೆ, ಸುಣ್ಣ ಆವಿಯಾಗುವುದಿಲ್ಲ. ಎಂಥ ಹುಳಿಮಣ್ಣು ತಂದು ತುಂಬಿದರೂ ವರ್ಷದೊಳಗೆ ಅದನ್ನು ನಾವೇ ಕೈಯಾರೆ ಎರೆಯನ್ನಾಗಿ ಮಾಡಿರುತ್ತೇವೆ. ರಸಸಾರ ಏರಿದಾಗ ಬೇರಿಗೆ ಮೊದಲು ಸಿಗದೆ ಹೋಗುವುದು ಕಬ್ಬಿಣ. ನರ ಹಸಿರಾಗಿದ್ದು ಎಲೆ ಹಳದಿಯಾಗುವುದು ಕಬ್ಬಿಣದ ಕೊರತೆಯ ಗುರುತು. ಶೇಂಗಾ ಬೆಳೆಯುವವರಿಗೆ ಇದು ಹೊಸದಲ್ಲ, ಸುಣ್ಣ ಹೆಚ್ಚಿರುವ ಹೊಲದಲ್ಲಿ ಶೇಂಗಾವೂ ಹೀಗೇ ಹಳದಿಯಾಗುತ್ತದೆ. ಅದಕ್ಕೆ ಮಾಡುವ ಉಪಚಾರವೇ ಇದಕ್ಕೂ ಸಾಕು: ಒಂದು ಲೀಟರ್ ಮಳೆನೀರಿಗೆ ಐದು ಗ್ರಾಂ ಅನ್ನಭೇದಿ, ನಾಲ್ಕು ಹನಿ ನಿಂಬೆರಸ, ಸಂಜೆ ಹೊತ್ತು ಎಲೆಯ ಮೇಲೆ ಸಿಂಪಡಣೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಎಲೆ ಹಸಿರಾಗುತ್ತದೆ. ಹಾಗಂತ ಬೋರಿನ ನೀರನ್ನೇ ಮುಂದುವರಿಸಿದರೆ ರೋಗ ಮತ್ತೆ ಬರುತ್ತದೆ. ಮಳೆನೀರು ಬೇಕು. ಮಳೆನೀರಿಲ್ಲದೆ ನಮ್ಮ ಸೀಮೆಯಲ್ಲಿ ಈ ಗಿಡವನ್ನು ಎರಡು ವರ್ಷಕ್ಕಿಂತ ಹೆಚ್ಚು ಚೆನ್ನಾಗಿ ಇಟ್ಟವರನ್ನು ನಾನು ಕಂಡಿಲ್ಲ.

ಎಲ್ಲರೂ ಕೇಳುವ ಪ್ರಶ್ನೆ ನೀಲಿಯದು. ಪಟಿಕ ಹಾಕಿದರೆ ನೀಲಿಯಾಗುತ್ತದಂತೆ ಹೌದಾ ಎಂದು. ಹೌದು. ಕ್ಷೌರದಂಗಡಿಯಲ್ಲಿ ಗದ್ದಕ್ಕೆ ಉಜ್ಜುವ, ಹೊಳೆಯ ರಾಡಿ ನೀರು ತಿಳಿಯಾಗಲು ಹಾಕುವ ಪಟಿಕದಲ್ಲಿ ಅಲ್ಯೂಮಿನಿಯಂ ಇದೆ. ನಾಲ್ಕು ಲೀಟರ್ ಮಳೆನೀರಿಗೆ ಒಂದು ಚಮಚ ಪಟಿಕದ ಪುಡಿ ಕರಗಿಸಿ, ಮೊದಲೇ ತೇವ ಇರುವ ಮಣ್ಣಿಗೆ ಮಾತ್ರ, ಎರಡು ಮೂರು ವಾರಕ್ಕೊಮ್ಮೆ ಹಾಕಬಹುದು. ಒಣಮಣ್ಣಿಗೆ ಹಾಕಿದರೆ, ಅಥವಾ ಬೇಗ ನೀಲಿಯಾಗಲೆಂದು ಚಮಚ ಮೂರು ಮಾಡಿದರೆ ಬೇರು ಸುಟ್ಟು ಹೋಗುತ್ತದೆ. ಹೂ ಅರಳಿದ ಮೇಲೆ ಹಾಕಿ ಪ್ರಯೋಜನವಿಲ್ಲ. ಮೊಗ್ಗು ಕಟ್ಟುವ, ಬೆಳೆಯುವ ತಿಂಗಳುಗಳಲ್ಲೇ ಅಲ್ಯೂಮಿನಿಯಂ ಗಿಡದೊಳಗೆ ಏರಿರಬೇಕು. ಡಿಎಪಿಯನ್ನಾಗಲಿ ಕೋಳಿಗೊಬ್ಬರವನ್ನಾಗಲಿ ಹಾಕುತ್ತಿದ್ದರೆ ಅದರ ರಂಜಕ ಅಲ್ಯೂಮಿನಿಯಂ ಅನ್ನು ಮಣ್ಣಿನಲ್ಲೇ ಕಟ್ಟಿಹಾಕುತ್ತದೆ, ಪಟಿಕ ಸುರಿದದ್ದು ವ್ಯರ್ಥ. ಒಲೆಯ ಬೂದಿಯನ್ನಂತೂ ಈ ಕುಂಡದ ಹತ್ತಿರ ತರಲೇಬಾರದು. ನಮ್ಮ ಹೆಣ್ಣುಮಕ್ಕಳಿಗೆ ಬೂದಿಯನ್ನು ಗಿಡದ ಬುಡಕ್ಕೆ ಹಾಕುವುದು ಅವ್ವಂದಿರಿಂದ ಬಂದ ರೂಢಿ, ಮಲ್ಲಿಗೆಗೂ ತೆಂಗಿಗೂ ಅದು ಒಳ್ಳೆಯದೇ. ಇದಕ್ಕೆ ಅದು ನೇರ ಕ್ಷಾರ.

ಇಷ್ಟೆಲ್ಲ ಮಾಡಿ ನೀಲಿ ತರಿಸಬೇಕೆ? ನನ್ನ ಮಟ್ಟಿಗೆ ಬೇಡ. ಒಂದು ವರ್ಷ ನಾನು ತರಿಸಿದೆ. ಬಂದದ್ದು ಮಡಿಕೇರಿಯ ನೀಲಿಯಲ್ಲ, ಮಸುಕು ನೇರಳೆ. ಪಕ್ಕದ ಕುಂಡದಲ್ಲಿ ಯಾವ ಉಪಚಾರವೂ ಇಲ್ಲದೆ ಬಿಟ್ಟ ಗಿಡ ತುಂಬಿದ ಗುಲಾಬಿಯಲ್ಲಿ ನಿಂತಿತ್ತು. ರಸಸಾರ ಆರು, ಆರೂವರೆಯ ನಡುವೆ ಇದ್ದರೆ ಗಿಡಕ್ಕೆ ಕಬ್ಬಿಣವೂ ಸಿಗುತ್ತದೆ, ಹೂವೂ ಒಳ್ಳೆಯ ಗುಲಾಬಿ ಬರುತ್ತದೆ. ಹಾವೇರಿ ಸೀಮೆಯಲ್ಲಿ ಹೈಡ್ರಾಂಜಿಯಾದ ಬಣ್ಣ ಗುಲಾಬಿ ಎಂದು ಒಪ್ಪಿಕೊಂಡವರಿಗೆ ಈ ಗಿಡದ ಅರ್ಧ ಕಷ್ಟ ಅಲ್ಲಿಗೇ ಕಡಿಮೆಯಾಗುತ್ತದೆ.

ಕೊಳ್ಳುವಾಗಿನ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಆಮೇಲೆ ನಾನು ತಂದ ಗಿಡಗಳಲ್ಲಿ ಒಂದನ್ನು ಒಂದು ನರ್ಸರಿಯಲ್ಲಿ 'ಗಿಡ್ಡ ತಳಿ' ಎಂದು ಕೇಳಿ ಖಾತ್ರಿ ಮಾಡಿಕೊಂಡೇ ಕೊಂಡಿದ್ದೆ. ಒಂದೂವರೆ ಅಡಿ ಗಿಡ, ಐದು ಗೊಂಚಲು. ಮುಂದಿನ ಮಳೆಗಾಲಕ್ಕೆ ಅದು ಎದೆಯೆತ್ತರ ಬೆಳೆಯಿತು. ಆಮೇಲೆ ತಿಳಿಯಿತು: ಮಾರಾಟಕ್ಕೆ ಬೆಳೆಸುವ ಕುಂಡದ ಹೈಡ್ರಾಂಜಿಯಾಗಳಿಗೆ ಡ್ಯಾಮಿನೊಜೈಡ್‌ನಂಥ ಬೆಳವಣಿಗೆ ತಡೆಯುವ ಔಷಧ ಹೊಡೆಯುವುದು ಪ್ರಪಂಚದ ಎಲ್ಲ ಕಡೆ ಇರುವ ಪದ್ಧತಿ. ಔಷಧದ ಗುಣ ಇಳಿದ ಮೇಲೆ ಗಿಡ ತನ್ನ ಹುಟ್ಟುಗುಣಕ್ಕೆ ಬೆಳೆಯುತ್ತದೆ. ಆದ್ದರಿಂದ ಗಿಡದ ಗಿಡ್ಡತನ ನೋಡಿ ಕೊಳ್ಳಬೇಡಿ, ತಳಿಯ ಹೆಸರು ಕೇಳಿ. ಹೆಸರು ಹೇಳಲು ಬಾರದ ಕಡೆ, ನರ್ಸರಿಯಲ್ಲೇ ವರ್ಷ ಕಳೆದ ಹಳೆಯ ಗಿಡ ತೋರಿಸಲು ಹೇಳಿ. ಅದರಲ್ಲಿ ಒಂದು ಗಿಣ್ಣಿನಿಂದ ಇನ್ನೊಂದು ಗಿಣ್ಣಿಗೆ ಎರಡು ಬೆರಳಿನಷ್ಟೇ ಅಂತರವಿದ್ದರೆ ಅದು ನಿಜವಾದ ಗಿಡ್ಡ ತಳಿ.

ಕುಂಡ ತುಂಬುವಾಗ ಎರಡು ಪಾಲು ಕೆಂಪುಮಣ್ಣು, ಎರಡು ಪಾಲು ಚೆನ್ನಾಗಿ ಕೊಳೆತ ಎಲೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯನ್ನು ಎರಡು ಮೂರು ಸಲ ತೊಳೆದು ಉಪ್ಪು ತೆಗೆಯಿರಿ. ತಳದ ತೂತಿನ ಮೇಲೆ ಒಡೆದ ಹಂಚಿನ ಚೂರು. ಮೇಲೆ ಎರಡು ಇಂಚು ಶೇಂಗಾ ಹೊಟ್ಟನ್ನೋ ಕಬ್ಬಿನ ರವದಿಯನ್ನೋ ಹೊದಿಸಿ. ಇದು ಬೇಸಿಗೆಯಲ್ಲಿ ಬೇರಿಗೆ ಚಪ್ಪರವಿದ್ದ ಹಾಗೆ. ಈ ಗಿಡದ ಬೇರು ಮೇಲ್ಪದರದಲ್ಲೇ ಹರಡುತ್ತದೆ, ಮೇಲಿನ ಮಣ್ಣು ಕಾದರೆ ಗಿಡ ಕಾಯುತ್ತದೆ.

ಜಾಗ ಆರಿಸುವುದು ಎಲ್ಲಕ್ಕಿಂತ ಮುಖ್ಯ. ಬೆಳಗಿನ ಒಂಬತ್ತು, ಹತ್ತರವರೆಗಿನ ಬಿಸಿಲು ಬೇಕು, ಆಮೇಲೆ ಪೂರ್ತಿ ನೆರಳು. ಪೂರ್ವಕ್ಕೆ ಮುಖ ಮಾಡಿದ ಕಟ್ಟೆ, ದೊಡ್ಡ ಮರದ ಮೂಡಣ ಮಗ್ಗುಲು ಸರಿ. ಸಿಮೆಂಟು ಗಚ್ಚಿನ ಮೇಲೆ, ಪಡುವಣ ಗೋಡೆಯ ಹತ್ತಿರ ಇಟ್ಟರೆ ಏಪ್ರಿಲ್ ತಿಂಗಳಲ್ಲಿ ಎಲೆಯ ಅಂಚು ಹಪ್ಪಳದಂತೆ ಸುಡುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಎಲೆಗಳೆಲ್ಲ ಜೋತು ಬಿದ್ದದ್ದು ನೋಡಿ ಗಾಬರಿಯಾಗಿ ನೀರು ಸುರಿಯುವವರು ಬಹಳ. ಅಗಲ ಎಲೆ ನೀರನ್ನು ಆವಿಯಾಗಿ ಬಿಡುವಷ್ಟು ವೇಗವಾಗಿ ಬೇರು ಅದನ್ನು ಏರಿಸಲಾರದು, ಮಣ್ಣು ಹಸಿಯಾಗಿದ್ದರೂ ಎಲೆ ಬಾಡುತ್ತದೆ. ಬೆರಳು ಒಂದು ಗಿಣ್ಣು ಮಣ್ಣಿನೊಳಗೆ ಇಳಿಸಿ ನೋಡಿ. ತೇವ ಇದ್ದರೆ ಸುಮ್ಮನಿರಿ, ಸಂಜೆ ಆರಕ್ಕೆ ಗಿಡ ತಾನೇ ಎದ್ದು ನಿಲ್ಲುತ್ತದೆ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಮಾತ್ರ ಅದು ನೀರಿಲ್ಲದ ಬಾಡು, ಇಲ್ಲವೇ ಬೇರು ಕೊಳೆತ ಬಾಡು.

ನೆರಳೂ ಇಲ್ಲ, ಮಳೆನೀರು ಹಿಡಿಯುವ ಅನುಕೂಲವೂ ಇಲ್ಲ ಎನ್ನುವವರು ಸೇವಂತಿಗೆ ಬೆಳೆಯುವುದೇ ಮೇಲು.

ಇನ್ನು ಕತ್ತರಿ. ಗಿಡ ಸಾಯದೇ ಇದ್ದರೂ ಹೂ ಬಾರದೆ ಇರುವುದಕ್ಕೆ ನಮ್ಮಲ್ಲಿ ದೊಡ್ಡ ಕಾರಣ ಇದೇ. ಗುಲಾಬಿ ಗಿಡವನ್ನು ದಸರೆ, ದೀಪಾವಳಿಯ ಹೊತ್ತಿಗೆ ಕತ್ತರಿಸುವುದು ಎಲ್ಲರಿಗೂ ರೂಢಿ. ಅದೇ ಕತ್ತರಿ ಪಕ್ಕದ ಹೈಡ್ರಾಂಜಿಯಾಕ್ಕೂ ತಗಲುತ್ತದೆ. ನಾನೂ ಹಾಗೇ ಮಾಡಿ ಒಂದು ವರ್ಷದ ಹೂವು ಕಳೆದುಕೊಂಡಿದ್ದೇನೆ. ಗುಲಾಬಿ ಹೊಸ ಚಿಗುರಿನಲ್ಲಿ ಹೂ ಬಿಡುತ್ತದೆ. ಹೈಡ್ರಾಂಜಿಯಾ ಮಳೆಗಾಲದಲ್ಲಿ ಬೆಳೆದ ಕಡ್ಡಿಯ ತುದಿಯಲ್ಲಿ ಚಳಿಗಾಲಕ್ಕೆ ಮೊಗ್ಗು ಕಟ್ಟಿ ಇಟ್ಟುಕೊಳ್ಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ತುದಿಯ ಕುಡಿ ಸ್ವಲ್ಪ ದಪ್ಪವಾಗಿರುತ್ತದೆ ಅಷ್ಟೇ. ಅದನ್ನು ಕತ್ತರಿಸಿದರೆ ಹೂವನ್ನೇ ಕತ್ತರಿಸಿದಂತೆ. ಆದ್ದರಿಂದ ಹೂ ಮಾಸಿದ ಕೂಡಲೇ, ಮಿರಗದ ಮಳೆ ಹಿಡಿಯುವ ಹೊತ್ತಿಗೆ, ಗೊಂಚಲಿನ ಕೆಳಗಿನ ಮೊದಲ ದಪ್ಪ ಕಣ್ಣಿನ ಮೇಲೆ ಕತ್ತರಿಸಿ ಮುಗಿಸಿಬಿಡಿ. ಗಣೇಶನ ಹಬ್ಬ ಬಂದ ಮೇಲೆ ಕತ್ತರಿ ಹಚ್ಚಬೇಡಿ. ಹಳೆ ಕಡ್ಡಿಯಲ್ಲೂ ಹೊಸ ಕಡ್ಡಿಯಲ್ಲೂ ಹೂ ಬಿಡುವ ತಳಿಗಳು ಈಗ ಇವೆ. 2004ರಲ್ಲಿ ಅಮೆರಿಕದ ಮಿನೆಸೋಟಾದಿಂದ ಮಾರುಕಟ್ಟೆಗೆ ಬಂದ 'ಎಂಡ್‌ಲೆಸ್ ಸಮ್ಮರ್' ಅಂಥದು. ಅದು ಸಿಕ್ಕವರಿಗೆ ಈ ಭಯ ಕಡಿಮೆ.

ಮೊಗ್ಗು ಕಟ್ಟಲು ಗಿಡಕ್ಕೆ ಚಳಿ ಬೇಕು. 18 ಡಿಗ್ರಿಗಿಂತ ಕೆಳಗಿನ ರಾತ್ರಿಗಳು ಆರೆಂಟು ವಾರ ಸಿಗಬೇಕು. ನಮ್ಮ ಪುಣ್ಯಕ್ಕೆ ಡಿಸೆಂಬರ್, ಜನವರಿಯಲ್ಲಿ ಇಲ್ಲಿ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆ ಎರಡು ತಿಂಗಳು ಕುಂಡವನ್ನು ಬಯಲಿನಲ್ಲೇ ಬಿಡಿ. ಚಳಿಗೆ ಗಿಡ ಸೊರಗೀತು ಎಂದು ಪಡಸಾಲೆಯೊಳಗೆ ತಂದು ಬೆಚ್ಚಗೆ ಇಟ್ಟರೆ ಎಲೆ ಚೆನ್ನಾಗಿರುತ್ತದೆ, ಹೂವು ಬರುವುದಿಲ್ಲ. ಸಾರಜನಕದ ಗೊಬ್ಬರವನ್ನೂ ಆಗ ಕೊಡಬೇಡಿ.

ಬೇಸಿಗೆಯ ಒಣಹವೆಗೆ ಎಲೆಯಡಿ ನುಸಿ ಬರುತ್ತದೆ. ಮೆಣಸಿನಕಾಯಿ ಬೆಳೆದ ಕೈಗಳಿಗೆ ಅದರ ಪರಿಚಯ ಹೇಳಬೇಕಿಲ್ಲ. ಎರಡು ಮೂರು ಕುಂಡಗಳಿಗೆ ಹೊಲದ ಔಷಧ ತರುವ ಅಗತ್ಯವಿಲ್ಲ. ದಿನ ಬಿಟ್ಟು ದಿನ ಬೆಳಿಗ್ಗೆ ಎಲೆಯ ಕೆಳಮೈಗೆ ನೀರು ರಭಸದಿಂದ ಚಿಮ್ಮಿಸಿದರೆ ಹತೋಟಿಗೆ ಬರುತ್ತದೆ. ಮಳೆಗಾಲದಲ್ಲಿ ಬೂದಿರೋಗ ಬಂದರೆ ಆ ಎಲೆ ಕಿತ್ತು ಸುಡಿ, ಕುಂಡಗಳ ನಡುವೆ ಗಾಳಿ ಆಡಲು ಜಾಗ ಬಿಡಿ. ಕತ್ತರಿಸಿದ ಎಲೆ, ಕಡ್ಡಿಗಳನ್ನು ದನದ ಮುಂದೆ, ಆಡಿನ ಮುಂದೆ ಎಸೆಯಬಾರದು. ಹೈಡ್ರಾಂಜಿಯಾದ ಎಲೆಯಲ್ಲಿ, ಮೊಗ್ಗಿನಲ್ಲಿ ಸೈನೈಡ್ ಬಿಡುವ ವಸ್ತು ಇದೆ. ಎಳೆ ಜೋಳದ ದಂಟು ತಿಂದು ದನ ಉಬ್ಬಸಪಟ್ಟು ಬಿದ್ದದ್ದನ್ನು ಕಂಡವರು ನಮ್ಮೂರಲ್ಲಿ ಇದ್ದಾರೆ. ಅದೇ ಜಾತಿಯ ವಿಷ ಇದು. ಮಕ್ಕಳೂ ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಸಸಿ ಮಾಡುವುದು ಮಾತ್ರ ಬಹಳ ಸುಲಭ. ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ ಹೂ ಬಿಡದ ಎಳೆಕಡ್ಡಿಯೊಂದನ್ನು ಐದು ಇಂಚು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಉಳಿದ ಎರಡು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಉಸುಕು-ನಾರಿನ ಪುಡಿಯಲ್ಲಿ ಊರಿ ನೆರಳಿಗಿಡಿ. ಮೂರು ನಾಲ್ಕು ವಾರಕ್ಕೆ ಬೇರು. ಟೊಮ್ಯಾಟೊ, ಹತ್ತಿ, ಬದನೆಯ ಬೀಜೋತ್ಪಾದನೆಯಲ್ಲಿ ಮೊಗ್ಗು ಬಿಡಿಸಿ ಪರಾಗ ಹಚ್ಚುವ ಕ್ರಾಸಿಂಗ್ ಕೆಲಸವನ್ನು ರಾಣೆಬೆನ್ನೂರು ಭಾಗದ ಹೆಣ್ಣುಮಕ್ಕಳು ವರ್ಷಗಟ್ಟಲೆ ಮಾಡಿದ್ದಾರೆ. ಅಷ್ಟು ನಯವಾದ ಕೈಗೆ ಒಂದು ಕಡ್ಡಿ ಚಿಗುರಿಸುವುದು ಎಷ್ಟರ ಮಾತು. ಎದುರು ಮನೆಯ ಅಕ್ಕ ಕಳೆದ ಮಳೆಗಾಲದಲ್ಲಿ ಹೀಗೆ ಹನ್ನೊಂದು ಸಸಿ ಮಾಡಿ ಓಣಿಗೆಲ್ಲ ಹಂಚಿದರು. "ನೀಲಿ ಹೋದ್ರ ಹೋಗ್ಲಿ ತಮ್ಮಾ, ಗುಲಾಬಿನ ನಮ್ಮ ಹಿತ್ತಲಕ್ಕ ಒಪ್ಪತೈತಿ" ಎಂದು ಈಗ ಅವರೇ ಹೇಳುತ್ತಾರೆ. ಅವರ ಕುಂಡದ ಪಕ್ಕದಲ್ಲೊಂದು ಡ್ರಮ್ ಬಂದಿದೆ.

ನೀವೂ ಗಿಡ ತರುವ ಮೊದಲು ಡ್ರಮ್ ತನ್ನಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಹಂಚಿನ ಅಥವಾ ತಗಡಿನ ಮಾಡಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ತೊಂಬತ್ತು ಲೀಟರಿನಷ್ಟು ನೀರು ಇಳಿಯುತ್ತದೆ. ಮೊದಲ ಮಳೆಯ ಧೂಳು ಹರಿದು ಹೋಗಲಿ. ಹಸ್ತ, ಚಿತ್ತಿ ಮಳೆಯಲ್ಲಿ ಇನ್ನೂರು ಲೀಟರಿನ ಒಂದು ಡ್ರಮ್ ತುಂಬಿಸಿ, ಸೊಳ್ಳೆ ಹೋಗದಂತೆ ಬಿಗಿಯಾಗಿ ಮುಚ್ಚಿ ನೆರಳಿನಲ್ಲಿಡಿ. ಚಳಿಗಾಲದಲ್ಲಿ ಗಿಡ ಹೆಚ್ಚು ನೀರು ಕೇಳುವುದಿಲ್ಲ, ಆಗ ಇನ್ನೊಂದು ಸಣ್ಣ ಪೀಪಾಯಿಯ ನೀರಿನಲ್ಲಿ ಸುಧಾರಿಸಬಹುದು. ಶಿವರಾತ್ರಿಯ ಮೇಲೆ ದಿನಕ್ಕೆ ಎರಡು ಲೀಟರಿನಂತೆ ಕೊಟ್ಟರೂ ಆ ಡ್ರಮ್ಮಿನ ನೀರು ಒಂದು ಕುಂಡಕ್ಕೆ ನೂರು ದಿನ ಬರುತ್ತದೆ. ಅಷ್ಟರಲ್ಲಿ ಮಿರಗ ಬಂದಿರುತ್ತದೆ.